ಪೂರ್ವದ ಗೋಡೆ

ಹೊಸ ಫಲಕ ಎರಡು. ಒಂದೊಂದೂ ಬಾಗಿಲಿನಷ್ಟು,
ಕತ್ತೆಯ ಬೆನ್ನಿಗೆ ಒಗ್ಗದು.
ಗಾಳಿ ಬೀಸಿದರೆ ಕತ್ತೆಯೇ ಪಟವಾಗಿ ಕಣಿವೆಗೆ ಹಾರೀತೆಂದು
ನಾಲ್ವರು ಹೆಗಲು ಕೊಟ್ಟರು, ಕಂಬಳಿ ಹೊದಿಸಿ,
ಹೆಣ ಹೊತ್ತ ಹಾಗೆ.
ದಾರಿಯಲ್ಲಿ ಎದುರಾದವರು ಟೋಪಿ ತೆಗೆದರು.
ನಾವು ತಿದ್ದಲಿಲ್ಲ.

ಮಾಲೂತಿ ಬೆಟ್ಟದ ಈ ಮಗ್ಗುಲಿಗೆ ತಂತಿ ಬಂದಿಲ್ಲ.
ಬರುತ್ತದೆ, ಬರುತ್ತದೆ ಎಂದು
ಮೂರು ಚುನಾವಣೆ ಬಂದು ಹೋದವು.

ದಿಮಾಕಾತ್ಸೊಗೆ ಬೇಕಾದದ್ದು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ.
ನಲವತ್ತೆಂಟು ಮೊಟ್ಟೆ, ಇಪ್ಪತ್ತೊಂದು ರಾತ್ರಿ,
ಹೊರಗೆ ಹಿಮ.
ಇದ್ದದ್ದು ಅವಳ ಮಾವ ಸೆಯಾಬಾಟಾ
ಗಣಿಯ ಕೊನೆಯ ಸಂಬಳದಲ್ಲಿ ಕೊಂಡ ನಾಲ್ಕು ಪುಟ್ಟ ಫಲಕ.
ಎರಡು ಕಿಲೋಮೀಟರು ನೆಲದಡಿ
ಹಣೆಗೆ ಕಟ್ಟಿದ ದೀಪವನ್ನೇ ಸೂರ್ಯನೆಂದುಕೊಂಡಿದ್ದವನು
ಮೇಲೆ ಬಂದು ಮೊದಲು ಕೊಂಡದ್ದು ಅದು, ಹಸುವಲ್ಲ.
ಹೆಂಡತಿ ಒಂದು ವರ್ಷ ಮಾತು ಬಿಟ್ಟಿದ್ದಳಂತೆ.
ಹದಿನೆಂಟು ವರ್ಷ: ಎರಡು ದೀಪ, ಒಂದು ರೇಡಿಯೋ,
ಒಂದು ಕ್ಷೌರದ ಯಂತ್ರ, ಊರಿನವರ ಅಷ್ಟೂ ಫೋನು.

"ಹಳೆಯವನ್ನು ಹಂದಿಗೂಡಿಗೆ ಹೊದಿಸುತ್ತೀಯಾ?"
ಕೇಳಿದ ಮುದುಕ, ನನ್ನತ್ತ ನೋಡದೆ.

ನಾನು ಮೀಟರು ತೆಗೆದೆ.
ಗಾಜಿನೊಳಗೆ ಚಹಾ ಚೆಲ್ಲಿದಂತೆ ಕಂದು,
ಒಂದರ ಮೂಲೆಯಲ್ಲಿ ಆಲಿಕಲ್ಲಿನ ನಕ್ಷತ್ರ.
ಮೂರು ಮುಕ್ಕಾಲು ಆಂಪಿಯರು. ಮೂರೂವರೆ. ಮತ್ತೆ ಮೂರೂವರೆ.
ನಾಲ್ಕನೆಯದು ಸೊನ್ನೆ.
ಬೆನ್ನ ಡಬ್ಬಿ ಬಿಚ್ಚಿದರೆ ಇರುವೆಗಳ ಸಂಸಾರ.
ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಹಸಿರು ಕೆರೆದು, ಹೊಸ ತಂತಿ ಕಟ್ಟಿದೆ.
ಎರಡು ಮುಕ್ಕಾಲು ಎಂದಿತು.
ಮುದುಕ ಕೆಮ್ಮಿದ.

ದಿಮಾಕಾತ್ಸೊ ಲೆಕ್ಕ ಹಾಕಿದ್ದಳು: ಎರಡಕ್ಕೆ ನಾಲ್ಕು ಸೇರಿದರೆ ಆರು.
ಅಲ್ಲ ತಂಗಿ.
ಒಂದರ ಹಿಂದೊಂದು ಪೋಣಿಸಿದೆವೋ,
ಹೊಸದರ ಹದಿಮೂರು ಆಂಪಿಯರೂ
ಹಳೆಯದರ ಕಿರಿದಾದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.
ಪಕ್ಕಪಕ್ಕ ಬೆಸೆದೆವೋ,
ಮೂವತ್ತು ವೋಲ್ಟಿನ ಹರೆಯ ಹದಿನೇಳಕ್ಕೆ ಮಂಡಿಯೂರುತ್ತದೆ.
ಎತ್ತು ಏರಿಗೆ, ಕೋಣ ನೀರಿಗೆ.

ನೊಗವೇ ಬೇಡ.
ಇವಕ್ಕೊಂದು ಕಂಟ್ರೋಲರು, ಅವಕ್ಕೊಂದು.
ಅವು ಕೊಳಗದಲ್ಲಿ ಸುರಿಯಲಿ, ಇವು ಸೇರಿನಲ್ಲಿ;
ಯಾರ ಕಾಳೆಂದು ಹಗೇವು ಕೇಳುವುದಿಲ್ಲ.

ಹಗೇವು ಮಾತ್ರ ಹೊಸದೇ ಆಗಬೇಕು.
ಹಳೆಯ ಬ್ಯಾಟರಿ ಎರಡೂ ಹೊಟ್ಟೆ ಉಬ್ಬಿ ಕೂತಿದ್ದವು,
ಪಕ್ಕಕ್ಕೆ ಬಂದ ಹೊಸದನ್ನೂ ಕೆಡಿಸುವಂಥವು.
ಇದರಲ್ಲಿ ನಾನು ರಾಜಿ ಆಗುವವನಲ್ಲ.
ಬರಿಗೈಲಿ ಬಂದ ಕತ್ತೆಗೆ ಹೋಗುವಾಗ ಹೊರೆ ಸಿಕ್ಕಿತು.

ಹೊಸವು ಮಾಡಿನ ಮೇಲೆ, ಉತ್ತರಕ್ಕೆ ಮುಖ;
ಇಲ್ಲಿ ಸೂರ್ಯ ಆ ಕಡೆಯಿಂದ ನಡೆಯುತ್ತಾನೆ.
ಹಳೆಯವಕ್ಕೆ ಜಾಗ ಉಳಿಯಲಿಲ್ಲ.
ಅಂಗಡಿಯ ಪೂರ್ವದ ಗೋಡೆ ಖಾಲಿ ಇತ್ತು,
ಕಲ್ಲಿಗೆ ಮೊಳೆ ಇಳಿಯದೆ ಎರಡು ತೂತು ಹಾಳಾದವು,
ಅಂತೂ ಕತ್ತಲಾಗುವ ಹೊತ್ತಿಗೆ ನಾಲ್ಕೂ ನೇತುಬಿದ್ದವು.
ಹೊತ್ತವರಿಗೆ ಜೋಳದ ಬಿಯರು.
ಮುದುಕ ಕುಡಿಯಲಿಲ್ಲ.

ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಅವನ ಊರುಗೋಲು.
ಮಾಡಿನ ಮೇಲೆ ಹೊಸವೆರಡೂ ಹಿಮ ಹೊದ್ದು ಮಲಗಿದ್ದವು,
ಬಿಸಿಲು ಅಲ್ಲಿಗಿನ್ನೂ ಓರೆಗಣ್ಣಲ್ಲೂ ನೋಡಿರಲಿಲ್ಲ.
ಪೂರ್ವದ ಗೋಡೆಯ ಮುಂದೆ ನಿಂತು
ಹೆಗಲ ಕಂಬಳಿಯ ತುದಿಯಿಂದ
ಅವನು ನಾಲ್ಕನ್ನೂ ಆಗಲೇ ಒರೆಸಿಯಾಗಿತ್ತು.

"ಎಷ್ಟು?" ಅಂದ.
ಕಂಟ್ರೋಲರಿನ ಸಣ್ಣ ಕಿಟಕಿಗೆ ಬಗ್ಗಿದೆ.
"ಒಂದೂಕಾಲು."
"ಅವು?"
"ಇನ್ನೂ ಏನಿಲ್ಲ."

ಅವನು ನಗಲಿಲ್ಲ. ಹೋಗಿ
ಸೊಸೆಯ ಪೆಟ್ಟಿಗೆಯ ಗಾಜಿಗೆ ಅಂಗೈ ಒತ್ತಿ
ಬಹಳ ಹೊತ್ತು ಹಾಗೇ ಇದ್ದ.
ಒಳಗೆ ಮೊಟ್ಟೆ ಇರಲಿಲ್ಲ ಇನ್ನೂ;
ಬರೀ ಬೆಚ್ಚಗಿತ್ತು.