ಹೊರುವವರ ಕಾಲು

ಸಾಗರದ ಬಸ್‌ಸ್ಟ್ಯಾಂಡಿನ ಎದುರು, ಕಡಿದಾದ ಮೆಟ್ಟಿಲು ಹತ್ತಿದರೆ
ನನ್ನ ಸ್ಟುಡಿಯೊ.
ಬರುವವರಿಗೆಲ್ಲ ಬೇಕಾದದ್ದು ಮುಖ:
ಹಾಸ್ಟೆಲಿನ ಅರ್ಜಿಗೊಂದು, ರೇಷನ್ ಕಾರ್ಡಿಗೊಂದು,
ಗುಂಪಿನಿಂದ ಬಿಡಿಸಿ ದೊಡ್ಡದು ಮಾಡಿ
ತಿಥಿಯ ದಿನ ಮಾಲೆ ಹಾಕಲಿಕ್ಕೊಂದು.
ಗಲ್ಲ ಸ್ವಲ್ಪ ಮೇಲೆ, ಕಿವಿ ಕಾಣಲಿ, ನಗಬೇಡಿ.
ಇಪ್ಪತ್ತೆರಡು ವರ್ಷ ಇದೇ ಮಂತ್ರ.

ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಹುಡುಗರು ಕೇಳುತ್ತಾರೆ:
ಯಾರ ಹತ್ತಿರ ಕಲಿತಿರಿ, ಯಾವ ಲೆನ್ಸು?
ಲೆನ್ಸಿನ ಹೆಸರು ಹೇಳುತ್ತೇನೆ.
ಉಳಿದದ್ದು ಹೇಳಹೋದರೆ ಅವರ ಬಸ್ಸು ತಪ್ಪೀತು.

ಪೇಂಟರ್ ಗಫಾರ್. ಫ್ಲೆಕ್ಸು ಬರುವವರೆಗೆ
ಬಿ.ಎಚ್. ರಸ್ತೆಯ ಬೋರ್ಡುಗಳೆಲ್ಲ ಅವನ ಕೈಯವು.
‘ಶ್ರೀ’ ಬರೆಯುವ ಮೊದಲು ಶ್ರೀಯ ಸುತ್ತಲಿನ ಖಾಲಿಯನ್ನು
ಸೀಮೆಸುಣ್ಣ ಹಚ್ಚಿದ ದಾರದಲ್ಲಿ ಅಳೆಯುತ್ತಿದ್ದ.
“ಅಕ್ಷರ ಯಾರು ಬೇಕಾದ್ರೂ ಬರೀತಾರೆ ಮಾರಾಯ,
ಅದಕ್ಕೆ ಉಸಿರಾಡೋ ಜಾಗ ಬಿಡ್ತೀನಲ್ಲ,
ಅದಕ್ಕೆ ನನಗೆ ಕೂಲಿ.”
ಅಂದು ಸಂಜೆ ಮೊದಲ ಸಲ ಒಬ್ಬ ಮುದುಕನನ್ನು
ನಡುವಿನಿಂದ ಎಬ್ಬಿಸಿ ಮೂಲೆಗೆ ಕೂರಿಸಿದೆ.
ಉಳಿದ ಗೋಡೆಯೆಲ್ಲ ಅವನ ಹೆಂಡತಿಯದಾಯಿತು.
ಅವಳು ಹೋಗಿ ಹದಿನಾರು ದಿನವಾಗಿತ್ತಷ್ಟೆ.

ಗುಡಿಗಾರರ ಶೇಷಪ್ಪ ಗಂಧದ ತುಂಡಿನಲ್ಲಿ
ಸರಸ್ವತಿಯನ್ನು ಬೆನ್ನಿನಿಂದ ಶುರುಮಾಡುತ್ತಿದ್ದ.
ಬೆನ್ನು ಯಾರು ನೋಡ್ತಾರೆ, ಗೋಡೆಗೆ ಆನಿಸ್ತಾರೆ, ಎಂದೆ.
“ಗೋಡೆ ನೋಡ್ತದಲ್ಲ,” ಎಂದ, ಉಳಿ ನಿಲ್ಲಿಸದೆ.
ಆ ಮಾಘದಲ್ಲಿ ಒಂದು ಮದುವೆ. ಮದುಮಗಳ ಹಿಂದೆ ನಿಂತೆ:
ಹೆರಳಿನ ಭಾರಕ್ಕೆ ಬಾಗಿದ ಕತ್ತು,
ರವಿಕೆಯ ಹುಕ್ಕು ಕಿತ್ತಲ್ಲಿ ಅವಸರದ ಪಿನ್ನು,
ಪಿನ್ನು ಹಾಕುತ್ತಿರುವ ತಂಗಿಯ ಕಚ್ಚಿ ಕಚ್ಚಿ ಸವೆದ ಉಗುರು.
ಆಲ್ಬಮ್ಮಿನಿಂದ ಅಪ್ಪ ಅದನ್ನು ತೆಗೆಸಿದ.
ತಿಂಗಳ ಮೇಲೆ ಮಗಳು ಒಬ್ಬಳೇ ಬಂದು ಕೇಳಿ ಒಯ್ದಳು.

ಬಂಗಾರಮ್ಮ ಸಿಕ್ಕಿದ್ದು ಸೊರಬದ ದಾರಿಯಲ್ಲಿ, ದೀವರ ಕೇರಿಯಲ್ಲಿ.
ಕೆಮ್ಮಣ್ಣು ಬಳಿದ ಗೋಡೆ,
ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು,
ಗುರಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ.
ಎಳೆ ಎಳೆಯುವಾಗ ಮಾತಿಲ್ಲ, ಉಸಿರೂ ಇಲ್ಲ.
ಎಳೆ ಮುಗಿದರೆ ಒಂದು ನಿಟ್ಟುಸಿರು. ಮತ್ತೆ ಎಳೆ.
ಕತ್ತಲ ಕೋಣೆಯಲ್ಲಿ ಶಟರ್ ನಿಧಾನಕ್ಕಿಟ್ಟು ಒತ್ತುವಾಗ
ಈಗಲೂ ನಾನು ಹಿಡಿದಿರುವುದು ಅವಳ ಉಸಿರು.

ಆ ಹಸೆಯ ಫೋಟೊ ತೆಗೆದೆ. ನಡುವೆ ದಂಡಿಗೆ,
ಒಳಗೆ ಮದುವಣಗಿತ್ತಿ, ಮೇಲೆ ಬಾಸಿಂಗ.
ದೊಡ್ಡದು ಮಾಡಿಸಿ ಒಯ್ದು ಕೊಟ್ಟೆ.
ಹೊಗಳಲಿ ಅಂತಲೇ ನಿಂತಿದ್ದೆ, ಸುಳ್ಳೇಕೆ.
ಬೆಳಕಿಗೆ ಹಿಡಿದಳು. ದೂರ ಹಿಡಿದಳು.
“ಹೊರೋರ ಕಾಲು ಕಡ್ದೀಯಲ್ಲೋ ತಮ್ಮಾ,
ಹೆಣ್ಣು ಹೆಂಗೆ ಗಂಡನ ಮನೆ ಮುಟ್ಟಬೇಕು?”

ಅಂದಕ್ಕೆಂದು ಅಂಚಿನಲ್ಲಿ ಒಂದಂಗುಲ ಕತ್ತರಿಸಿದ್ದೆ.
ಎಂಟು ಕಾಲು ಹೋಗಿದ್ದವು. ನನಗೆ ಕಂಡಿರಲಿಲ್ಲ.

ಮತ್ತೆ ಹೋದಾಗ ಫೋಟೊ ಗೋಡೆಯ ಮೇಲಿತ್ತು,
ಅನ್ನದ ಅಂಟಿನಲ್ಲಿ.
ಕಾಗದ ಮುಗಿದಲ್ಲಿಂದ ಕೆಮ್ಮಣ್ಣಿಗೆ
ಅಕ್ಕಿಯ ಬಿಳಿಯಲ್ಲಿ ಕಾಲುಗಳು ಇಳಿದಿದ್ದವು.
ಎಣಿಸಿದೆ. ಹತ್ತು.
ಹೊರುವವರು ನಾಲ್ವರೇ ಅಲ್ಲವೇ, ಎಂದು ಮತ್ತೆ ಎಣಿಸಿದೆ.
ಕೊನೆಯ ಜೋಡಿಗೆ ಮಾತ್ರ ಚಪ್ಪಲಿ ಇತ್ತು,
ಬಲಗಾಲಿನದರ ಉಂಗುಷ್ಠ ಕಿತ್ತಿತ್ತು.
ಹೊಸ್ತಿಲಾಚೆ ಬಿಟ್ಟುಬಂದ ನನ್ನದನ್ನು ತಿರುಗಿ ನೋಡಿದೆ.
ಬಂಗಾರಮ್ಮ ಒಲೆ ಊದುತ್ತಿದ್ದಳು, ಏನೂ ಗೊತ್ತಿಲ್ಲದ ಹಾಗೆ.
ಕ್ಯಾಮೆರಾ ಹೆಗಲಲ್ಲೇ ಉಳಿಯಿತು.

ಇವತ್ತು ಮಧ್ಯಾಹ್ನ ಒಬ್ಬಳು ಹುಡುಗಿ, ಪಾಸ್‌ಪೋರ್ಟ್ ಸೈಜು, ಎಂಟು ಪ್ರತಿ.
ಕತ್ತರಿ ಅಂಚಿಗೆ ಬಂದು ಒಂದು ಗಳಿಗೆ ತಡೆಯಿತು.
ಅರ್ಜಿಗೆ ಬೇಡವಾದ ಆ ಕೆಳಗಡೆ ಎಲ್ಲೋ
ಇವಳನ್ನು ಇಷ್ಟು ಮೆಟ್ಟಿಲು ಹೊತ್ತು ತಂದ
ಎರಡು ಕಾಲಿವೆ.
ಕಿವಿ ಕಾಣಲಿ, ನಗಬೇಡಿ, ಎಂದಿದ್ದೆ. ನಕ್ಕಳು.
ಅದನ್ನೂ ಒಂದು ತೆಗೆದಿಟ್ಟೆ, ಲೆಕ್ಕಕ್ಕಿಲ್ಲದ್ದು.

ಚಪ್ಪಲಿ ಮಾತ್ರ ಇನ್ನೂ ಹೊಲಿಸಿಲ್ಲ.