ಉಗುಳು

ಕಬ್ಬು ಸೂಲಂಗಿ ಬಿಟ್ಟಿತೆಂದು
ನನ್ನ ಮೂಗಿಗೆ ಯಾರೂ ಹೇಳಬೇಕಾಗಿಲ್ಲ.
ನಸುಕಿಗೇ ಶುರು. ಒಂಟಿ ಸೀನು ಅಪಶಕುನ ಅನ್ನುತ್ತಿದ್ದ ನಮ್ಮತ್ತೆ
ಹನ್ನೊಂದರ ಮೇಲೆ ಎಣಿಸುವುದನ್ನೇ ಬಿಟ್ಟಿದ್ದಾಳೆ.

ಹತ್ತೂವರೆಗೆ ಪಾಂಡವಪುರದ ಛತ್ರದಲ್ಲಿ ಧಾರೆ.
ಬಸ್‌ಸ್ಟ್ಯಾಂಡಿನೆದುರು ಆಗತಾನೆ ಶಟರ್ ಎತ್ತಿದ ಮೆಡಿಕಲ್ ಶಾಪು.
ಮುಬೀನಾ ಮೇಡಂ ಕೇಳಿದರು: "ಬಿಪಿ ಇದೆಯಾ?"
"ಇಲ್ಲ" ಅಂದೆ.
ಜೇಬಿನಲ್ಲಿ ಕಡ್ಡಿಪುಡಿಯ ಪೊಟ್ಟಣಕ್ಕೆ ಒರಗಿ
ಬಿಪಿಯ ಚೀಟಿ ಸುಮ್ಮನೆ ಮಲಗಿತ್ತು.

"ಇದರಲ್ಲಿ ಎರಡು ಔಷಧಿ ಸೇರಿದೆ.
ಒಂದು ಸೀನು ನಿಲ್ಲಿಸುತ್ತೆ, ಒಂದು ಕಟ್ಟಿದ ಮೂಗು ಬಿಡಿಸುತ್ತೆ.
ನುಂಗಿದ ಮೇಲೆ ಗಾಡಿ ಓಡಿಸಬೇಡಿ."
ವಾಲಗ ಊದಬಹುದಾ ಅಂತ ನಾನು ಕೇಳಲಿಲ್ಲ.
ನಾಲ್ಕು ಹಳದಿ ಮಾತ್ರೆ. ನನಗೊಂದು,
ಟೀ ಗ್ಲಾಸಿನ ಜೊತೆ ಡೋಲಿನ ಕೆಂಚಪ್ಪನಿಗೊಂದು.

ಮೊದಲು ಮೂಗು ತೆರೆಯಿತು.
ಹದಿನೆಂಟು ದಿನದ ಮೇಲೆ
ತಿಳಿಸಾರಿನ ಒಗ್ಗರಣೆ, ಹೊಸ ಸೀರೆಯ ಗಂಜಿ,
ಯಾರದೋ ಮುಡಿಯ ಮರುಗ,
ಮುನಿಸಿಕೊಂಡು ಹೋಗಿದ್ದ ನೆಂಟರಂತೆ ಒಬ್ಬೊಬ್ಬರಾಗಿ ಬಂದರು.
ಆಹಾ ಅನ್ನೋಣವೆಂದರೆ ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತ್ತು.

ಉಗುಳಿಲ್ಲದೆ ಪೀಪಿ ಏನು? ಒಣಗಿದ ಹುಲ್ಲು.
ಊದಿದೆ. ಗಾಳಿ ಬಂತು, ಬರೀ ಗಾಳಿ.
ಶ್ರುತಿ ಹಿಡಿದ ಹುಡುಗ ನನ್ನ ಮುಖ ನೋಡಿದ.
ಎದೆಯೊಳಗೆ ಯಾರೋ ಬೇರೆ ಡೋಲಿನವನು,
ಅವನಿಗೆ ತಾಳವಿಲ್ಲ, ಬರೀ ಓಟ.
ಹೊರಗಿನ ಡೋಲಿನವನೋ
ಗದ್ದವನ್ನು ಡೋಲಿನ ಮೇಲಿಟ್ಟು ಗೊರಕೆ ಹೊಡೆಯುತ್ತಿದ್ದ.
ಒಂದೇ ಅಂಗಡಿ, ಒಂದೇ ಪಟ್ಟಿ.
ಅವನಿಗೆ ತೊಟ್ಟಿಲು,
ನನಗೆ ಅಟ್ಟಿಸಿಕೊಂಡು ಬರುವ ನಾಯಿ.

"ಗಟ್ಟಿಮೇಳ! ಗಟ್ಟಿಮೇಳ!"
ಪುರೋಹಿತರ ಕೈ ಮೇಲೆದ್ದಿತು.
ಕೆಂಚಪ್ಪನ ಪಕ್ಕೆಗೆ ತಿವಿದೆ.

ಆಗ ಕಂಡಳು,
ಮುಂದಿನ ಸಾಲಿನಲ್ಲಿ ಲಂಗ ಮಡಚಿ ಕೂತು
ಬೇಕಂತಲೇ ನನ್ನನ್ನೇ ನೋಡುತ್ತ
ಹುಣಸೆಹಣ್ಣು ಚೀಪುವ ಪೋರಿ.
ಮೂವತ್ತು ವರ್ಷ ಊರೂರ ಛತ್ರಗಳಲ್ಲಿ
ಇಂಥವರನ್ನು ಕಣ್ಣು ಕೆಂಪಗೆ ಮಾಡಿ ಓಡಿಸಿದ್ದೇನೆ.
ಇವತ್ತು ಕಣ್ಣಲ್ಲೇ ಬೇಡಿದೆ:
ಚೀಪು ತಾಯಿ, ಇನ್ನೊಂದು ಸಲ. ಲೊಟ್ಟೆ ಹೊಡಿ.

ಹೊಡೆದಳು.
ದವಡೆಯ ಮೂಲೆಯಲ್ಲಿ ಚುರ್ ಅಂದು
ಒಂದೆಳೆ ನೀರು ಬಂತು. ಅಷ್ಟೇ.
ತಾಳಿ ಮೂರು ಗಂಟಿಗೆ ಅಷ್ಟು ಸಾಕಾಯಿತು.
ಅವಳಿಗೆ ಮಾತ್ರ ಬೇಸರ,
ತಾಂಬೂಲದ ಹೊತ್ತಿಗೂ ಮುಖ ಊದಿಸಿಕೊಂಡೇ ಇದ್ದಳು.

ಈಗ ರಾತ್ರಿ ಎರಡು ಗಂಟೆ.
ಫ್ಯಾಕ್ಟರಿ ಕಡೆಗೆ ಕಬ್ಬಿನ ಟ್ರಾಕ್ಟರುಗಳು ನರಳುತ್ತ ಹೋಗುತ್ತಿವೆ,
ಗೋಡೆಯಾಚೆ ಕೆಂಚಪ್ಪನ ಗೊರಕೆ.
ಮೂಗು ಹೆದ್ದಾರಿಯಷ್ಟು ಸಲೀಸು, ರೆಪ್ಪೆ ಮುಚ್ಚುತ್ತಿಲ್ಲ.
ಎದೆಯ ಮೇಲೆ ಕೈಯಿಟ್ಟರೆ
ಅವನು ಇನ್ನೂ ಬಾರಿಸುತ್ತಲೇ ಇದ್ದಾನೆ.

ಉಳಿದೆರಡು ಮಾತ್ರೆ ಗೂಡಿನಲ್ಲಿವೆ.
ಬೆಳಗಾದರೆ ಅಂಗಡಿಗೆ ಹೋಗಬೇಕು.
ಕತ್ತಲಲ್ಲಿ ಎದ್ದು ಕೂತು
ಒಂದು ಮಾತು ಸಾಧಕ ಮಾಡುತ್ತಿದ್ದೇನೆ:
"ಇದೆ ಮೇಡಂ, ಬಿಪಿ ಇದೆ."
ಇನ್ನೂ ಶ್ರುತಿಗೆ ಕೂತಿಲ್ಲ.