ಒಂದೂ ನಲವತ್ತು, ಎರಡನೇ ಸಲ

ಹೊಬಾರ್ಟಿನಿಂದ ಲಕ್ಲನ್ ಕೇಳಿದ್ದಾನೆ:
ನಲವತ್ತೊಂದನೇ ಬಿಲದ ಹಕ್ಕಿ
ಒಂದೂ ಐವತ್ತಕ್ಕೆ ಒಳಗೆ ಹೋಗಿ
ಒಂದೂ ನಲವತ್ತಕ್ಕೆ ಹೊರಗೆ ಬಂದದ್ದು ಹೇಗೆ?
ನಿಮಗೆ ನಿದ್ದೆ ಬಂದಿತ್ತೆ?

ನಿದ್ದೆ ಬಂದಿರಲಿಲ್ಲ ಕಣಯ್ಯಾ.
ಲಾರ್ಡ್ ಹೋವ್ ದ್ವೀಪ, ಏಪ್ರಿಲಿನ ಮೊದಲ ಭಾನುವಾರ.
ತಾಳೆಗರಿಗಳ ಕೆಳಗೆ ಮರಳಲ್ಲಿ ಬೋರಲು ಮಲಗಿ
ಹೆಸ್ಟರ್ ಮುದುಕಿ ಮತ್ತು ನಾನು
ಕೆಂಪು ಟಾರ್ಚಿಗೆ ಅಂಗೈ ಮುಚ್ಚಿ ಕಾದಿದ್ದೆವು.
ಹಕ್ಕಿ ಗರಿಗಳ ನಡುವಿಂದ ದೊಪ್ಪನೆ ಬಿದ್ದು
ಬಿಲಕ್ಕೆ ನುಗ್ಗಿತು. ಬರೆದುಕೊಂಡೆ.

ಬೇರೆ ಕಡೆ ಗಡಿಯಾರ ಒಂದು ಗಂಟೆ ಹಿಂದೆ ಸರಿದರೆ
ಇಲ್ಲಿಯವರದು ಅರ್ಧವೇ.
ಯಾಕೆ ಎಂದೆ.
"ಚಿಕ್ಕ ದ್ವೀಪ. ಇಷ್ಟು ಸಾಕು" ಅಂದಳು.

ಅವಳಿಗೆ ಎರಡು ಕೈಗೆ ಎರಡು ಕೈಗಡಿಯಾರ.
ಎಡಗೈಯದು ಅಂಗಡಿಗೆ, ಹಡಗಿಗೆ, ಮೊಮ್ಮಗಳ ಶಾಲೆಗೆ.
ಬಲಗೈಯದು ಯಾರ ಊರಿನದೂ ಅಲ್ಲ, ಯುಟಿಸಿ.
ಹತ್ತೊಂಬತ್ತು ವರ್ಷದಲ್ಲಿ ಅದರ ತಿರುಪು ಮುಟ್ಟಿಲ್ಲ,
ಬ್ಯಾಟರಿ ಸತ್ತಾಗ ಬಿಟ್ಟರೆ.

ಎರಡು ಗಂಟೆ ಆಯಿತು ಅನ್ನುವಷ್ಟರಲ್ಲಿ
ಎಡಗೈಯನ್ನು ಒಂದೂವರೆಗೆ ತಿರುವಿದಳು.
"ಅಕ್ಟೋಬರಿನಲ್ಲಿ ಕೊಟ್ಟ ಕೈಗಡ.
ಬಡ್ಡಿಯಿಲ್ಲದೆ ವಾಪಸು ಬಂತು, ನೋಡು."

ಆ ಅರ್ಧ ಗಂಟೆಯನ್ನು ಏನು ಮಾಡುವುದೋ
ನನಗೆ ತಿಳಿಯಲಿಲ್ಲ. ಅವಳು ಥರ್ಮಾಸ್ ತೆರೆದಳು.
ತೋಳುದ್ದದ ಕತ್ತಲೊಳಗೆ
ಮರಿ ಕಿರುಚಿ ಸುಮ್ಮನಾಯಿತು, ಗುಟುಕು ಸಿಕ್ಕಿರಬೇಕು.
ಕಾಲಿಗೆ ಉಂಗುರ ತೊಟ್ಟ ತಾಯಿ, ಅಥವಾ ತಂದೆ,
(ಇರುಳಲ್ಲಿ ಯಾರು ಹೇಳಬಲ್ಲರು)
ಹಿಂದಡಿಯಿಟ್ಟು ಹೊರಬಂತು,
ಮರಳು ಕೊಡವಿ
ನಮ್ಮ ನೆತ್ತಿಯ ಮೇಲೆ ಹಾದು ಕಡಲಿಗಿಳಿಯಿತು.
ನಾನು ಎಡಗೈ ನೋಡಿ ಬರೆದೆ.
ತಪ್ಪು ಅಷ್ಟೇ.

ಹೀಗೆ ತಿದ್ದಿಕೋ, ಲಕ್ಲನ್:
ಮೊದಲ ಸಾಲಿನಿಂದ ಹನ್ನೊಂದು ಗಂಟೆ ಕಳೆ,
ಎರಡನೆಯದರಿಂದ ಹತ್ತೂವರೆ.
ಹದಿನಾಲ್ಕೂ ಐವತ್ತು. ಹದಿನೈದೂ ಹತ್ತು.
ನಡುವೆ ಇಪ್ಪತ್ತು ನಿಮಿಷ, ಒಂದು ಊಟ.
ತಾರೀಕನ್ನೂ ತಿದ್ದು, ಅಲ್ಲಿನ್ನೂ ಶನಿವಾರ.

ಮರಿಯ ತೂಕ ಮಾತ್ರ ಮುಟ್ಟಬೇಡ.
ಮೊದಲು ಆರುನೂರ ಹತ್ತು ಗ್ರಾಂ,
ಆಮೇಲೆ ಆರುನೂರ ಎಪ್ಪತ್ತೆರಡು.
ಮೊದಲು, ಆಮೇಲೆ ಎಂಬುದಕ್ಕೆ
ಅದರ ಹೊಟ್ಟೆಯೇ ಸಾಕ್ಷಿ.

ಮೇ ತಿಂಗಳಲ್ಲಿ ಇದೂ ಕೊರಿಯಾ ಕಡೆಯ ಕಡಲಿಗೆ ಹಾರುತ್ತದೆ.
ಅಲ್ಲಿ ಗಡಿಯಾರ ತಿರುವುವ ಪದ್ಧತಿ ಇಲ್ಲವಂತೆ.
ಕೇಳಿ ಹೆಸ್ಟರ್, "ಪಾಪ, ಅವರಿಗೆ
ವರ್ಷಕ್ಕೊಮ್ಮೆಯೂ ಪುಕ್ಕಟೆ ಚಹಾ ಇಲ್ಲ" ಅಂದಳು,
ಬಲಗೈಯ ಗಡಿಯಾರದ ಮೇಲೆ
ಸ್ವೆಟರಿನ ತೋಳು ಎಳೆದುಕೊಂಡು.